ಹೇಳಿ ಮಾಡಿಸಿದ ಚಾವಟಿ: ಅಳತೆ, ತೊಗಲು ಮತ್ತು ಮುಂಗಡದ ಲೆಕ್ಕ

ಒಂದು ವಸ್ತುವು ಒಬ್ಬರಿಗೆ ಸರಿಯಾಗಿ ಹೊಂದಿಕೊಂಡಾಗ ‘ಹೇಳಿ ಮಾಡಿಸಿದಂತಿದೆ’ ಎನ್ನುವುದು ಕನ್ನಡದ ವಾಡಿಕೆ. ಈ ಚಿಕ್ಕ ಮಾತಿನಲ್ಲಿ ಎರಡು ಕೆಲಸಗಳು ಅಡಗಿವೆ. ಹೇಳುವುದು ಗಿರಾಕಿಯ ಕೆಲಸ. ಮಾಡುವುದು ಕಸುಬುದಾರನ ಕೆಲಸ. ಕೈಯಿಂದ ತಯಾರಾಗುವ ತೊಗಲಿನ ಸಾಮಾನುಗಳ ವ್ಯವಹಾರದಲ್ಲಿ ಏಳುವ ತಕರಾರುಗಳನ್ನು ಪರಿಶೀಲಿಸಿದರೆ, ಅವುಗಳ ಮೂಲವು ಅನೇಕ ವೇಳೆ ಮೊದಲನೆಯ ಕೆಲಸದಲ್ಲಿಯೇ ಕಂಡುಬರುತ್ತದೆ. ಅಳತೆ ಹೇಳಿರುವುದಿಲ್ಲ, ಉಪಯೋಗ ತಿಳಿಸಿರುವುದಿಲ್ಲ, ಹಣ ಯಾವಾಗ ಕೊಡಲಾಗುವುದೆಂಬುದು ನಿಶ್ಚಯವಾಗಿರುವುದಿಲ್ಲ. ವಸ್ತು ಕೈಗೆ ಬಂದ ಮೇಲೆ ಮಾತ್ರ ಇಬ್ಬರಿಗೂ ಮಾತು ನೆನಪಾಗುತ್ತದೆ.

ಅರಸೀಕೆರೆಯ ಮಾರುಕಟ್ಟೆಯ ವರ್ತಕರು ಉಂಡೆ ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ, ತೂಕ ನೋಡಿ, ಒಡೆದು ಬಣ್ಣ ಪರೀಕ್ಷಿಸಿದ ನಂತರವೇ ದರ ಹೇಳುವರು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯ ಗುಣವನ್ನು ಕಿವಿಯಿಂದಲೇ ತಿಳಿಯಬಲ್ಲ ಈ ಎಚ್ಚರಿಕೆಯು, ಇನ್ನೂ ತಯಾರಾಗದಿರುವ ವಸ್ತುವಿಗೆ ಆದೇಶ ಕೊಡುವಾಗಲೂ ಅಷ್ಟೇ ಅಗತ್ಯ. ಬೇಲೂರು ಮತ್ತು ಹಳೇಬೀಡುಗಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಸೋಮನಾಥಪುರದೊಂದಿಗೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿರುವುದರಿಂದ, ಕೈಕಸುಬಿನ ಸಾಮಾನುಗಳನ್ನು ಮಾಡಿಸಿ ಮಾರಲು ಯೋಚಿಸುವ ಈ ಭಾಗದ ವರ್ತಕರಿಗೆ ವಿಷಯವು ಸಕಾಲಿಕವಾಗಿದೆ. ಚಾವಟಿಯಂತಹ ಒಂದು ಸಾಮಾನ್ಯ ವಸ್ತುವನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಡೀ ಕ್ರಮವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬೇಲೂರಿನ ಪಾದರಕ್ಷೆ

ತೊಗಲಿನ ವಸ್ತುವನ್ನು ಮಾಡಿಸುವ ಸಂಪ್ರದಾಯದ ಅತ್ಯಂತ ಹೆಸರಾದ ಉದಾಹರಣೆಯೊಂದು ಬೇಲೂರಿನಲ್ಲಿಯೇ ಇದೆ. ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನ 1897ರ ಪರಿಷ್ಕೃತ ಆವೃತ್ತಿಯಲ್ಲಿ ಅದರ ವಿವರ ದೊರೆಯುತ್ತದೆ. ಚೆನ್ನಿಗರಾಯನ ವಿಗ್ರಹವನ್ನು ಬಾಬಾಬುಡನ್ ಗಿರಿಯಿಂದ ತಂದಾಗ ದೇವಿಯ ವಿಗ್ರಹವು ಅಲ್ಲಿಯೇ ಉಳಿಯಿತೆಂದೂ, ಆದಕಾರಣ ದೇವರು ಆಗಾಗ ಆಕೆಯನ್ನು ಕಾಣಲು ಬೆಟ್ಟಕ್ಕೆ ಹೋಗುವನೆಂದೂ, ಅದಕ್ಕಾಗಿ ದೇವಾಲಯದಲ್ಲಿ ಒಂದು ಜೊತೆ ದೊಡ್ಡ ಪಾದರಕ್ಷೆಗಳನ್ನು ಇರಿಸಲಾಗಿದೆಯೆಂದೂ ಪ್ರತೀತಿ. ಅವು ಸವೆದಾಗ ಚನ್ನಗಿರಿ ಮತ್ತು ಬಸವಾಪಟ್ಟಣದ ಚರ್ಮಕಾರರಿಗೆ ಕನಸಿನಲ್ಲಿ ವಿಷಯ ತಿಳಿಯುವುದು. ಅವರು ಹೊಸದನ್ನು ಮಾಡಿ ತಂದೊಪ್ಪಿಸುವರು. ಒಪ್ಪಿಸುವ ಸಲುವಾಗಿ ಅವರಿಗೆ ದೇವಾಲಯದ ಅಂಗಳವನ್ನು ಪ್ರವೇಶಿಸಲು ಅವಕಾಶವಿತ್ತು ಎಂದು ಗೆಜೆಟಿಯರ್ ದಾಖಲಿಸಿದೆ. ಈ ಎರಡು ಊರುಗಳೂ ಇಂದಿನ ದಾವಣಗೆರೆ ಜಿಲ್ಲೆಯಲ್ಲಿವೆ.

ಭಕ್ತಿಯ ದೃಷ್ಟಿಯಿಂದ ಇದು ಸುಂದರವಾದ ಐತಿಹ್ಯ. ವ್ಯವಹಾರದ ದೃಷ್ಟಿಯಿಂದ ನೋಡಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ಈ ಆದೇಶವು ಕನಸಿನ ಮೂಲಕ ಬರುತ್ತದೆ. ದಾಖಲಾದ ಪ್ರತಿಫಲವೆಂದರೆ ಅಂಗಳದವರೆಗಿನ ಪ್ರವೇಶ. ದೇವರ ಪಾದಕ್ಕೆ ವಸ್ತು ಮಾಡಿಕೊಟ್ಟವರೇ ಉಳಿದ ದಿನಗಳಲ್ಲಿ ಹೊರಗೆ ನಿಲ್ಲಬೇಕಾಗಿದ್ದ ಕಾಲವದು. ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಮೇಲೆ ಕಾನೂನಿನಲ್ಲಿ ಆ ಕಾಲ ಮುಗಿದಿದೆ. ಆದರೆ ತೊಗಲಿನ ಕೆಲಸಕ್ಕೆ ಬೆಲೆ ಕಟ್ಟುವಾಗ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದಿರುವ ಹಳೆಯ ಅಭ್ಯಾಸವು ಅಂಗಡಿಯ ಮುಂಗಟ್ಟಿನಲ್ಲಿ ಇನ್ನೂ ಪೂರ್ತಿಯಾಗಿ ಹೋಗಿಲ್ಲ. ದೇವರ ಆದೇಶ ಕನಸಿನಲ್ಲಿ ಬರಬಹುದು. ವರ್ತಕನ ಆದೇಶ ಕಾಗದದ ಮೇಲೆ ಬರತಕ್ಕದ್ದು.

ಬಾರುಕೋಲು, ಚಾವಟಿ

ಗಾಡಿ ಹೊಡೆಯುವವರ, ಉಳುವವರ ಕೈಯಲ್ಲಿರುವುದು ಬಾರುಕೋಲು. ಬಿದಿರಿನ ಅಥವಾ ಬೆತ್ತದ ಕೋಲು, ಅದರ ತುದಿಗೆ ಕಟ್ಟಿದ ತೊಗಲಿನ ಬಾರು, ಇಷ್ಟೇ ಅದರ ರಚನೆ. ಹಿಡಿಯಿಂದ ತುದಿಯವರೆಗೆ ತೊಗಲಿನ ಎಳೆಗಳನ್ನು ಹೆಣೆದು ಮಾಡಿದ ಉದ್ದನೆಯ ಚಾವಟಿ ಇದಕ್ಕಿಂತ ಹೆಚ್ಚು ಶ್ರಮದ ವಸ್ತು. ಟ್ರ್ಯಾಕ್ಟರು ಮತ್ತು ಸರಕು ವಾಹನಗಳು ಬಂದ ಮೇಲೆ ಬಾರುಕೋಲಿನ ದಿನಬಳಕೆ ಇಳಿದಿದೆ. ಈಗ ಇಂತಹ ವಸ್ತುವನ್ನು ಮಾಡಿಸಲು ಬರುವವರು ಉಳಿದಿರುವ ಎತ್ತಿನ ಗಾಡಿಗಳ ಮಾಲೀಕರು, ಕುದುರೆ ಸವಾರಿ ಕಲಿಸುವವರು, ನಾಟಕ ಹಾಗೂ ಚಲನಚಿತ್ರಗಳಿಗೆ ಪರಿಕರ ಒದಗಿಸುವವರು, ಮನೆಯ ಗೋಡೆಗೆ ಅಲಂಕಾರವಾಗಿ ತೂಗುಹಾಕುವವರು. ಒಬ್ಬೊಬ್ಬರ ಅಗತ್ಯವೂ ಬೇರೆ. ಆದುದರಿಂದ ರಾಶಿ ಹಾಕಿ ಮಾರುವುದಕ್ಕಿಂತ ಹೇಳಿ ಮಾಡಿಸುವ ಕ್ರಮವೇ ಈ ವಸ್ತುವಿಗೆ ಸಹಜವಾದುದು.

ಹೆಣೆದ ಚಾವಟಿಯಲ್ಲಿ ಐದು ಭಾಗಗಳನ್ನು ಗುರುತಿಸಬಹುದು: ಹಿಡಿ, ಒಳಗಿನ ತಿರುಳು, ಅದರ ಮೇಲಿನ ಹೆಣಿಗೆ, ಹೆಣಿಗೆಯ ತುದಿಗೆ ಕಟ್ಟುವ ಒಂಟಿ ಬಾರು ಮತ್ತು ಕಟ್ಟಕಡೆಯ ನೂಲಿನ ಕುಚ್ಚು. ಹಿಡಿಯ ಬಳಿ ದಪ್ಪವಾಗಿದ್ದು ತುದಿಯ ಕಡೆಗೆ ಒಂದೇ ಸಮನೆ ಸಣ್ಣಗಾಗುತ್ತ ಹೋಗುವುದು ಒಳ್ಳೆಯ ಚಾವಟಿಯ ಮುಖ್ಯ ಲಕ್ಷಣ. ಬೀಸಿದಾಗ ಹಿಡಿಯಿಂದ ಹೊರಟ ಅಲೆಯು ಸಣ್ಣಗಾಗುವ ತುದಿಯತ್ತ ಸಾಗುತ್ತ ವೇಗವನ್ನು ಪಡೆದುಕೊಂಡು, ಕೊನೆಯಲ್ಲಿ ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ಮೀರುತ್ತದೆ. ‘ಛಟೀರ್’ ಎಂಬ ಸದ್ದು ಹುಟ್ಟುವುದು ಇದರಿಂದ. ಚಾವಟಿ ಯಾವುದಕ್ಕೂ ತಾಗಬೇಕಾದುದಿಲ್ಲ. ನಡುವೆ ಎಲ್ಲಿಯಾದರೂ ಗಂಟು ಅಥವಾ ಉಬ್ಬು ಇದ್ದರೆ ಅಲೆ ಅಲ್ಲಿಯೇ ಮುರಿಯುತ್ತದೆ. ಕಸುಬುದಾರನ ಕೈಚಳಕ ಪರೀಕ್ಷೆಗೊಳಗಾಗುವುದು ಇಲ್ಲಿಯೇ.

ತೊಗಲಿನ ಆಯ್ಕೆ

ಒಂದೇ ತೊಗಲಿನ ಎಲ್ಲ ಭಾಗಗಳೂ ಒಂದೇ ಬಲದವಾಗಿರುವುದಿಲ್ಲ. ಬೆನ್ನಿನ ಇಕ್ಕೆಲಗಳಲ್ಲಿ ಮತ್ತು ಹಿಂಭಾಗದಲ್ಲಿ ತೊಗಲು ಬಿಗಿಯಾಗಿ ಗಟ್ಟಿಯಾಗಿರುತ್ತದೆ. ಹೊಟ್ಟೆ ಮತ್ತು ಕಾಲುಗಳ ಭಾಗದಲ್ಲಿ ಸಡಿಲವಾಗಿದ್ದು ಎಳೆದರೆ ಹಿಗ್ಗುತ್ತದೆ. ಹೊಟ್ಟೆಯ ಭಾಗದ ಎಳೆಗಳಿಂದ ಹೆಣೆದ ಚಾವಟಿ ಕೆಲವೇ ದಿನಗಳಲ್ಲಿ ಸಡಿಲವಾಗಿ ಹೆಣಿಗೆಯ ನಡುವೆ ಸಂದು ಬಿಡುತ್ತದೆ. ತೊಗಲು ಚದರ ಅಡಿಯ ಲೆಕ್ಕದಲ್ಲಿ ಮಾರಾಟವಾಗುವುದರಿಂದ, ಬಳಕೆಗೆ ಬಾರದ ಭಾಗಕ್ಕೂ ಕಸುಬುದಾರನು ಹಣ ತೆತ್ತಿರುತ್ತಾನೆ. ಈ ನಷ್ಟವನ್ನು ಗಿರಾಕಿಯು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಹದ ಮಾಡುವ ವಿಧಾನವೂ ಮುಖ್ಯ. ತಂಗಡಿ ತೊಗಟೆ, ಅಳಲೆಕಾಯಿ ಮುಂತಾದ ಸಸ್ಯಮೂಲದ ವಸ್ತುಗಳಿಂದ ಹದ ಮಾಡಿದ ತೊಗಲು ಗಡುಸಾಗಿದ್ದು ಕೊಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ಕ್ರೋಮ್ ಲವಣದಿಂದ ಹದ ಮಾಡಿದ ತೊಗಲು ಮೃದುವಾಗಿದ್ದು ನೀರನ್ನು ಹೆಚ್ಚು ತಾಳಿಕೊಳ್ಳುತ್ತದೆ. ಹಿಡಿಗೆ ಒಂದು ಬಗೆ, ತುದಿಯ ಬಾರಿಗೆ ಇನ್ನೊಂದು ಬಗೆ ಹೊಂದಬಹುದು. ಕೆಲಸದ ಉದ್ದೇಶವನ್ನು ತಿಳಿಸಿ ಆಯ್ಕೆಯನ್ನು ಕಸುಬುದಾರನಿಗೇ ಬಿಡುವುದು ಲೇಸು.

ಇನ್ನು ತೊಗಲು ಎಲ್ಲಿಂದ ಬಂದಿತೆಂಬುದಕ್ಕೆ ದಾಖಲೆ ಇರಬೇಕು. ಕರ್ನಾಟಕ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ಜಾರಿಗೆ ಬಂದ ನಂತರ, ತೊಗಲಿನ ಮೂಲದ ಬಗೆಗೆ ಪ್ರಶ್ನೆ ಬಂದಾಗ ಬಿಲ್ಲು ತೋರಿಸಲು ಸಾಧ್ಯವಾಗುವಂತಿರಬೇಕು. ಹದ ಮಾಡಿದ ತೊಗಲನ್ನು ಬಿಲ್ಲಿನ ಮೇಲೆ ಖರೀದಿಸಿ, ಅದರ ಒಂದು ಪ್ರತಿಯನ್ನು ಕಡತದಲ್ಲಿ ಇಡುವ ಪದ್ಧತಿಯು ಕಸುಬುದಾರ ಮತ್ತು ವರ್ತಕ ಇಬ್ಬರಿಗೂ ಕ್ಷೇಮ.

ಆದೇಶ ಪತ್ರದಲ್ಲಿ ಏನಿರಬೇಕು?

ಒಂದು ಪುಟದ ಆದೇಶ ಪತ್ರ ಸಾಕು. ಅದರಲ್ಲಿ ಈ ಕೆಳಗಿನ ಅಂಶಗಳು ಇರತಕ್ಕದ್ದು:

1. ಉಪಯೋಗ: ಸದ್ದು ಮಾಡಲೋ, ಗಾಡಿಗೋ, ರಂಗದ ಮೇಲೋ, ಕೇವಲ ಅಲಂಕಾರಕ್ಕೋ. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಪ್ರಕರಣದ ಪ್ರಕಾರ, ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ, ಮಾರುವವನ ಕೌಶಲವನ್ನು ನಂಬಿ ಕೊಂಡಿದ್ದರೆ, ವಸ್ತುವು ಆ ಉದ್ದೇಶಕ್ಕೆ ತಕ್ಕುದಾಗಿರಬೇಕು ಎಂಬ ಷರತ್ತು ತಾನಾಗಿಯೇ ಅನ್ವಯಿಸುತ್ತದೆ. ಉದ್ದೇಶವನ್ನೇ ತಿಳಿಸದವನಿಗೆ ಈ ರಕ್ಷಣೆ ದೊರೆಯುವುದು ಕಷ್ಟ.

2. ಅಳತೆ: ಹಿಡಿಯ ಉದ್ದ, ಹೆಣಿಗೆಯ ಉದ್ದ, ತುದಿಯ ಬಾರಿನ ಉದ್ದ, ಇವು ಬೇರೆ ಬೇರೆಯಾಗಿ. ‘ಆರು ಅಡಿಯ ಚಾವಟಿ’ ಎಂದಷ್ಟೇ ಹೇಳಿದರೆ ಹಿಡಿ ಸೇರಿಯೋ ಬಿಟ್ಟೋ ಎಂಬ ವಿವಾದ ಏಳುವುದು ಖಚಿತ.

3. ಎಳೆಗಳ ಸಂಖ್ಯೆ: ನಾಲ್ಕು, ಎಂಟು, ಹನ್ನೆರಡು ಇತ್ಯಾದಿ. ಎಳೆ ಹೆಚ್ಚಿದಂತೆ ಹೆಣಿಗೆ ನುಣುಪಾಗುತ್ತದೆ, ಕೂಲಿಯ ದಿನಗಳೂ ಹೆಚ್ಚುತ್ತವೆ. ಹೆಣೆಯುವಾಗ ಎಳೆಯ ಉದ್ದ ಕುಗ್ಗುವುದರಿಂದ ಕತ್ತರಿಸಿದ ಮೇಲೆ ಉದ್ದವನ್ನು ಹೆಚ್ಚಿಸಲು ಬರುವುದಿಲ್ಲ. ಆದಕಾರಣ ತೊಗಲಿಗೆ ಕತ್ತಿ ಹಾಕಿದ ನಂತರ ಅಳತೆಯ ಬದಲಾವಣೆ ಇಲ್ಲವೆಂಬ ಷರತ್ತು ನ್ಯಾಯವಾದುದು.

4. ಮಾದರಿ: ಸಾಧ್ಯವಿದ್ದರೆ ಒಂದು ಗೇಣು ಹೆಣಿಗೆಯ ಮಾದರಿಯನ್ನು ಮಾಡಿಸಿ, ಇಬ್ಬರೂ ಒಪ್ಪಿ, ಅದನ್ನು ಇಟ್ಟುಕೊಳ್ಳುವುದು. ಹತ್ತು ಇಪ್ಪತ್ತು ನಗಗಳ ಆದೇಶವಾದರೆ ಇದು ಅತ್ಯವಶ್ಯ.

5. ಬೆಲೆ, ಮುಂಗಡ, ಒಪ್ಪಿಸುವ ದಿನ, ದುರಸ್ತಿಯ ಹೊಣೆ. ತುದಿಯ ಬಾರು ಮತ್ತು ಕುಚ್ಚು ಸವೆಯುವ ಭಾಗಗಳು. ಅವುಗಳ ಬದಲಾವಣೆಯ ದರವನ್ನು ಮೊದಲೇ ಬರೆದಿಡಬೇಕು.

ಪ್ರಾಣಿಗಳಿಗೆ ಸಂಬಂಧಿಸಿದ ಉಪಯೋಗವಾದರೆ, 1960ರ ಪ್ರಾಣಿಹಿಂಸಾ ನಿವಾರಣಾ ಕಾಯ್ದೆಯನ್ನು ಮರೆಯುವಂತಿಲ್ಲ. ಅನಗತ್ಯ ನೋವಾಗುವಂತೆ ಪ್ರಾಣಿಯನ್ನು ಹೊಡೆಯುವುದು ಅದರಡಿ ಅಪರಾಧ. ಕಂಬಳ, ಎತ್ತಿನ ಗಾಡಿ ಓಟಗಳಿಗೆ ಕರ್ನಾಟಕವು 2017ರಲ್ಲಿ ಮಾಡಿದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2023ರ ಮೇ 18ರಂದು ಎತ್ತಿಹಿಡಿದಿದೆಯಾದರೂ, ಹಿಂಸೆಗೆ ಅದು ಪರವಾನಗಿಯಲ್ಲ. ಮೊಳೆ, ಲೋಹದ ಚೂರುಗಳನ್ನು ಸೇರಿಸಿ ಮಾಡಿಕೊಡುವಂತೆ ಬರುವ ಬೇಡಿಕೆಯನ್ನು ಕಸುಬುದಾರನೂ ವರ್ತಕನೂ ನಿರಾಕರಿಸಬೇಕು.

ಬೆಲೆಯ ಲೆಕ್ಕ

ಈ ವ್ಯವಹಾರದ ತಿರುಳು ಇಲ್ಲಿದೆ. ಎಂಟು ಎಳೆಯ, ಆರು ಅಡಿ ಹೆಣಿಗೆಯ ಒಂದು ಚಾವಟಿಗೆ ಮೂರು ದಿನದ ಕೆಲಸ ಹಿಡಿಯುವುದೆಂದು ಭಾವಿಸೋಣ. ಕೆಳಗಿನ ಅಂಕಿಗಳು ಲೆಕ್ಕದ ವಿಧಾನವನ್ನು ತಿಳಿಸಲು ಇಟ್ಟುಕೊಂಡವು; ಮಾರುಕಟ್ಟೆಯ ದರಗಳಲ್ಲ.

ತೊಗಲು, ಕತ್ತರಿಸಿದ ನಷ್ಟ ಸೇರಿ: ರೂ. 800
ಬೆತ್ತ, ನೂಲು: ರೂ. 150
ಎಣ್ಣೆ, ಮೇಣ: ರೂ. 50
ಕೂಲಿ, 3 ದಿನಕ್ಕೆ ರೂ. 800ರಂತೆ: ರೂ. 2,400
ಉಪಕರಣಗಳ ಸವಕಳಿ, ಬಾಡಿಗೆ, ದೀಪ: ರೂ. 200
ಒಟ್ಟು ತಯಾರಿಕಾ ವೆಚ್ಚ: ರೂ. 3,600
ಲಾಭ, ಶೇಕಡ 15ರಂತೆ: ರೂ. 540
ಮಾರಾಟ ಬೆಲೆ: ರೂ. 4,140

ಈಗ ಗಿರಾಕಿಯು ಚೌಕಾಸಿ ಮಾಡಿ 3,000 ರೂಪಾಯಿಗೆ ಒಪ್ಪಿಸಿದನೆಂದು ಇಟ್ಟುಕೊಳ್ಳೋಣ. ತೊಗಲಿನ ಅಂಗಡಿಯವನು ತನ್ನ ದರವನ್ನು ಇಳಿಸುವುದಿಲ್ಲ, ಬಾಡಿಗೆಯೂ ಇಳಿಯುವುದಿಲ್ಲ. ಆ 1,200 ರೂಪಾಯಿ ಕಳೆದರೆ ಉಳಿಯುವುದು 1,800. ದಿನಕ್ಕೆ 600 ರೂಪಾಯಿ. ಲಾಭ ಶೂನ್ಯ. ಬೆಲೆಯು 2,400ಕ್ಕೆ ಇಳಿದರೆ ಕೂಲಿ ದಿನಕ್ಕೆ 400. ಅಂದರೆ ಚೌಕಾಸಿಯಲ್ಲಿ ಇಳಿದ ಪ್ರತಿಯೊಂದು ರೂಪಾಯಿಯೂ ಮೊದಲು ಲಾಭದಿಂದ, ಅನಂತರ ಕೂಲಿಯಿಂದಲೇ ಹೋಗುತ್ತದೆ. ಕೂಲಿ ಕಡಿಮೆಯಾದಾಗ ಕಸುಬುದಾರನ ಮುಂದೆ ಎರಡೇ ದಾರಿಗಳಿರುತ್ತವೆ: ಹೊಟ್ಟೆಭಾಗದ ತೊಗಲನ್ನು ಸೇರಿಸಿ, ಒಳಗಿನ ತಿರುಳಿಗೆ ಚಿಂದಿ ತುಂಬಿ ಎರಡು ದಿನದಲ್ಲಿ ಮುಗಿಸುವುದು, ಇಲ್ಲವೇ ಕಸುಬನ್ನು ಬಿಟ್ಟು ಬೇರೆ ಕೂಲಿಗೆ ಹೋಗುವುದು. ಮೊದಲನೆಯದರಿಂದ ವರ್ತಕನ ಹೆಸರು ಕೆಡುತ್ತದೆ. ಎರಡನೆಯದರಿಂದ ಮುಂದಿನ ವರ್ಷ ಮಾಡಿಕೊಡುವವರೇ ಇರುವುದಿಲ್ಲ. ಎರಡರಲ್ಲಿ ಯಾವುದಾದರೂ ಉಳಿಸಿದ 1,140 ರೂಪಾಯಿಗಿಂತ ದುಬಾರಿಯೇ.

ವೆಚ್ಚ ಇಳಿಸಬೇಕಾದರೆ ನ್ಯಾಯವಾದ ಮಾರ್ಗಗಳಿವೆ. ಎಂಟು ಎಳೆಯ ಬದಲು ನಾಲ್ಕು ಎಳೆ ಕೇಳಬಹುದು. ಒಂದೇ ಅಳತೆಯ ಹಲವು ನಗಗಳನ್ನು ಒಟ್ಟಿಗೆ ಹೇಳಿ ಕತ್ತರಿಸುವ ನಷ್ಟವನ್ನು ತಗ್ಗಿಸಬಹುದು. ಕೆಲಸ ಕಡಿಮೆ ಇರುವ ಮಳೆಗಾಲದ ಮುಂಚಿತವಾಗಿಯೇ ಆದೇಶ ಕೊಟ್ಟು ಅವಧಿ ಹೆಚ್ಚಿಸಬಹುದು. ಇವುಗಳಿಂದ ಬೆಲೆ ಇಳಿದರೂ ದಿನಗೂಲಿ ಇಳಿಯುವುದಿಲ್ಲ.

ಮುಂಗಡ ಮತ್ತು ಬಾಕಿ

ಸಣ್ಣ ಕಸುಬುದಾರನಿಗೆ ಮುಂಗಡವೇ ದುಡಿಯುವ ಬಂಡವಾಳ. ಮೇಲಿನ ಉದಾಹರಣೆಯಲ್ಲಿ ಶೇಕಡ 40ರಷ್ಟು, ಅಂದರೆ 1,656 ರೂಪಾಯಿ ಮುಂಗಡ ಬಂದರೆ, ಸಾಮಗ್ರಿಯ 1,000 ರೂಪಾಯಿ ಹೋಗಿ 656 ರೂಪಾಯಿ ಮನೆಯ ಖರ್ಚಿಗೆ ಉಳಿಯುತ್ತದೆ. ಮುಂಗಡವಿಲ್ಲದಿದ್ದರೆ ಆತನು ಕೈಸಾಲ ಮಾಡಬೇಕು. ಅದರ ಬಡ್ಡಿಯೂ ಕೂಲಿಯಿಂದಲೇ ಹೋಗಬೇಕು. ಗಿರಾಕಿಯ ರಕ್ಷಣೆಗಾಗಿ ಮುಂಗಡವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಟ್ಟು, ಆದೇಶ ಪತ್ರದ ಸಂಖ್ಯೆಯನ್ನು ನಮೂದಿಸುವುದು ಒಳ್ಳೆಯದು.

ಉದ್ಯಮ್ ನೋಂದಣಿ ಹೊಂದಿರುವ ಕಸುಬುದಾರನಿಂದ ಖರೀದಿಸುವ ವರ್ತಕರು 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯನ್ನು ಗಮನದಲ್ಲಿಡತಕ್ಕದ್ದು. ಲಿಖಿತ ಒಪ್ಪಂದವಿದ್ದರೆ ಸರಕನ್ನು ಸ್ವೀಕರಿಸಿದ ದಿನದಿಂದ ಗರಿಷ್ಠ 45 ದಿನಗಳಲ್ಲಿ, ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕು. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳ ಲೆಕ್ಕದ ಚಕ್ರಬಡ್ಡಿ ಸಲ್ಲಬೇಕಾಗುತ್ತದೆ. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಲು ಬರುವುದಿಲ್ಲ. ಇದಲ್ಲದೆ 2023ರ ಹಣಕಾಸು ಕಾಯ್ದೆಯು ತಂದ ಬದಲಾವಣೆಯಿಂದಾಗಿ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಈ ಅವಧಿಯೊಳಗೆ ಕೊಡದ ಮೊತ್ತವು, ವಾಸ್ತವವಾಗಿ ಪಾವತಿಯಾದ ವರ್ಷದಲ್ಲಿ ಮಾತ್ರ ಖರ್ಚಾಗಿ ಮಾನ್ಯವಾಗುತ್ತದೆ. ವರ್ಷಾಂತ್ಯದಲ್ಲಿ ಬಾಕಿ ಉಳಿಸಿಕೊಳ್ಳುವ ಅಭ್ಯಾಸಕ್ಕೆ ಇದು ನೇರ ಪೆಟ್ಟು.

ವಸ್ತುವಿನಲ್ಲಿ ದೋಷವಿದ್ದರೆ ಒಪ್ಪಿಸಿದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸಬೇಕು. ಸುಮ್ಮನಿದ್ದರೆ ಒಪ್ಪಿಸಿದ ದಿನವೇ ಸ್ವೀಕಾರವಾಯಿತೆಂದು ಈ ಕಾಯ್ದೆ ಭಾವಿಸುತ್ತದೆ. ತಿಂಗಳುಗಳ ನಂತರ ಬಾಯಿಮಾತಿನಲ್ಲಿ ದೂರಿ ಹಣ ಹಿಡಿಯುವುದಕ್ಕೆ ಕಾನೂನಿನ ಆಧಾರ ದೊರೆಯದು.

ತೆರಿಗೆಯ ಕೆಲವು ಸೂಕ್ಷ್ಮಗಳು

ಚಾವಟಿಯು ತೊಗಲಿನದಾದರೂ ಅದರ ವರ್ಗೀಕರಣ ತೊಗಲಿನ ಸಾಮಾನುಗಳ 42ನೆಯ ಅಧ್ಯಾಯದಲ್ಲಿಲ್ಲ. ಊರುಗೋಲು, ಸವಾರಿಯ ಕೋಲುಗಳ ಜೊತೆಗೆ ಅದು 6602ನೆಯ ಶೀರ್ಷಿಕೆಯಲ್ಲಿ ಬರುತ್ತದೆ. ಕುದುರೆಯ ಜೀನು, ಎತ್ತಿನ ಕಟ್ಟುಗಳು 4201ರಲ್ಲಿ ಸೇರುತ್ತವೆ. ಬಿಲ್ಲು ಬರೆಯುವಾಗ ಈ ಭೇದವನ್ನು ಗಮನಿಸಿ, ಆ ದಿನ ಜಾರಿಯಲ್ಲಿರುವ ದರವನ್ನು ಪರಿಶೀಲಿಸಬೇಕು.

ರಾಜ್ಯದೊಳಗೆ ಕೇವಲ ಸರಕನ್ನು ಮಾರುವ ಕಸುಬುದಾರನು ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ಆದರೆ ತೊಗಲನ್ನು ವರ್ತಕನೇ ಒದಗಿಸಿ ಹೆಣೆಸಿಕೊಂಡರೆ, ಬೇರೆಯವರ ಸರಕಿನ ಮೇಲೆ ಮಾಡಿದ ಆ ಕೆಲಸವು ಸೇವೆಯೆಂದು ಪರಿಗಣಿತವಾಗುತ್ತದೆ; ಸೇವೆಗೆ ಮಿತಿ 20 ಲಕ್ಷ. ತೊಗಲನ್ನು ಕಳುಹಿಸುವಾಗ ಚಲನ್ ಬರೆದು, ಒಂದು ವರ್ಷದೊಳಗೆ ತಯಾರಾದ ವಸ್ತುವನ್ನು ಹಿಂದಕ್ಕೆ ಪಡೆಯಬೇಕು. ಒಂದೇ ಚಾವಟಿ, ಎರಡು ಬಗೆಯ ವ್ಯವಹಾರ. ಯಾವುದೆಂಬುದನ್ನು ಆದೇಶ ಪತ್ರವೇ ಹೇಳಬೇಕು.

ಮಾಡಿದವನ ಹೆಸರು

ಬೇಲೂರಿನ ಶಿಲ್ಪಗಳ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠಾಪಿತವಾದ ದೇವಾಲಯದ ಶಿಲ್ಪಿಗಳು ಇಂದಿಗೂ ಹೆಸರಿನಿಂದ ಪರಿಚಿತರಾಗಿರುವುದು ಈ ಒಂದು ಅಭ್ಯಾಸದಿಂದ. ಅದೇ ದೇವರಿಗೆ ಪಾದರಕ್ಷೆ ಮಾಡಿದವರು ಗೆಜೆಟಿಯರ್‌ನಲ್ಲಿ ಊರಿನ ಹೆಸರಿನಿಂದ ಮಾತ್ರ ಉಳಿದಿದ್ದಾರೆ. ಹಿಡಿಯ ಬುಡದಲ್ಲಿ ಕಸುಬುದಾರನ ಗುರುತನ್ನು ಒತ್ತಿಸುವುದಕ್ಕೆ ಖರ್ಚು ಅತ್ಯಲ್ಪ. ಅದರಿಂದ ಮಾಡಿದವನಿಗೆ ಹೊಣೆಯೂ, ಕೊಂಡವನಿಗೆ ನಂಬಿಕೆಯೂ, ವರ್ತಕನಿಗೆ ಮರು ಆದೇಶವೂ ದೊರೆಯುತ್ತವೆ.

ಗುರುತಿನ ಬೆಲೆ ಎಷ್ಟೆಂಬುದಕ್ಕೆ ಕೊಲ್ಹಾಪುರಿ ಚಪ್ಪಲಿ ಸಾಕ್ಷಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರ ಜಿಲ್ಲೆಗಳೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿಯು ಮಿಲಾನಿನ ಪ್ರದರ್ಶನದಲ್ಲಿ ಅದೇ ಬಗೆಯ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ತೋರಿಸಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿಯು ಪತ್ರ ಬರೆದ ನಂತರ, ಭಾರತೀಯ ಕಸುಬಿನಿಂದ ಪ್ರೇರಣೆ ಪಡೆದುದನ್ನು ಕಂಪನಿಯು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ನಿಗಮಗಳೊಂದಿಗೆ ಒಪ್ಪಂದವಾಯಿತು. ವಾಣಿಜ್ಯ ಮಂಡಳಿಯೊಂದರ ಪತ್ರವು ಕಸುಬುದಾರರ ಪರವಾಗಿ ಏನು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ವರ್ತಕರು ಮಾಡಬಹುದಾದುದು

1976ರಲ್ಲಿ ಸ್ಥಾಪಿತವಾಗಿ ಇಂದು ಡಾ. ಬಾಬು ಜಗಜೀವನ್ ರಾಮ್ ಅವರ ಹೆಸರನ್ನು ಹೊತ್ತಿರುವ ಲಿಡ್ಕರ್ ನಿಗಮವು ಚರ್ಮಕಾರರಿಗಾಗಿ ಕಾರ್ಯ ನಿರ್ವಹಿಸುತ್ತಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚರ್ಮಕಾರಿಕೆಯೂ ಒಂದು. ಆ ಯೋಜನೆಯು ಉಪಕರಣಗಳಿಗೆ 15,000 ರೂಪಾಯಿವರೆಗೆ ನೆರವನ್ನೂ, ಶೇಕಡ 5ರ ಬಡ್ಡಿಯಲ್ಲಿ ಜಾಮೀನಿಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷ, ಎರಡನೆಯದರಲ್ಲಿ 2 ಲಕ್ಷ ರೂಪಾಯಿವರೆಗೆ ಸಾಲವನ್ನೂ ನಿಗದಿಪಡಿಸಿತು. ಇಂತಹ ನೆರವಿಗೆ ಅರ್ಜಿ ಸಲ್ಲಿಸುವಾಗ ಕಸುಬುದಾರನ ಕೈಯಲ್ಲಿ ಒಬ್ಬ ವರ್ತಕನ ಲಿಖಿತ ಆದೇಶ ಪತ್ರಗಳಿದ್ದರೆ, ಆತನಿಗೆ ಮಾರುಕಟ್ಟೆ ಇದೆಯೆಂಬುದಕ್ಕೆ ಅವೇ ಪುರಾವೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಅಂಗಡಿಯ ಗುಮಾಸ್ತರೊಬ್ಬರು ಸ್ವಲ್ಪ ಹೊತ್ತು ಕುಳಿತು ಮಾಡಿಸಿಕೊಡಬಹುದಾದ ಕೆಲಸವದು.

ಕೊಂಡ ಚಾವಟಿಯನ್ನು ಒದ್ದೆಯಾಗಲು ಬಿಡದೆ, ಮಡಿಸಿಡದೆ, ಆಗಾಗ ತೊಗಲಿಗೆ ಸ್ವಲ್ಪ ಎಣ್ಣೆ ಸವರಿ ಸಡಿಲವಾಗಿ ಸುತ್ತಿ ತೂಗುಹಾಕಿದರೆ ಅದು ಬಹುಕಾಲ ಬಾಳುತ್ತದೆ. ಕಸುಬುದಾರನೊಂದಿಗಿನ ವ್ಯವಹಾರಕ್ಕೂ ಹೆಚ್ಚಿನದೇನೂ ಬೇಕಾಗಿಲ್ಲ: ಸ್ಪಷ್ಟವಾದ ಅಳತೆ, ನ್ಯಾಯವಾದ ಕೂಲಿ, ಹೊತ್ತಿಗೆ ಸರಿಯಾದ ಹಣ. ಈ ಮೂರನ್ನು ಬರೆದುಕೊಟ್ಟ ವರ್ತಕನ ಸರಕು ಹೇಳಿ ಮಾಡಿಸಿದಂತೆಯೇ ಬರುತ್ತದೆ.